ಪಡುವಣ ಸಾಲಿನ ಕಂಬಗಳು

ಕಳೆದ ತಿಂಗಳು ಸಿಂಧನೂರಿಗೆ ಹೋಗುವಾಗ ಬಸ್ಸು ಸಿರುಗುಪ್ಪದ ಅಕ್ಕಿ ಗಿರಣಿಗಳನ್ನು ದಾಟುತ್ತಿತ್ತು. ಕಿಟಕಿಯಿಂದ ಬೇಯುವ ಭತ್ತದ ವಾಸನೆ ಒಳಗೆ ಬಂತು. ನೆನೆದ ಗೋಣಿಯದೂ ಅನ್ನದ ಗಂಜಿಯದೂ ಬೆರೆತಂಥ, ಸ್ವಲ್ಪ ಹುಳಿಯಾದ ವಾಸನೆ. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಸೆರಗನ್ನು ಮೂಗಿಗೆ ಹಿಡಿದರು. ನಾನು ಗಾಜನ್ನು ಇನ್ನಷ್ಟು ಸರಿಸಿದೆ. ಆ ವಾಸನೆಯಲ್ಲಿ ನನ್ನ ಒಂದು ವರ್ಷ ಪೂರ್ತಿ ಇದೆ. ನಾನು ಎಂಜಿನಿಯರ್ ಆದದ್ದು ಕಾಲೇಜು ಮುಗಿಸಿದ ದಿನವಲ್ಲ, ಆ ವರ್ಷ.

ಆಗ ನಾನು ಬಳ್ಳಾರಿಯಲ್ಲಿ ಚೆನ್ನವೀರಯ್ಯ ಸರ್ ಅವರ ಕಚೇರಿಯಲ್ಲಿದ್ದೆ. ಕಟ್ಟಡಗಳ ಕಂಬ, ತೊಲೆ, ತಳಪಾಯ ಎಷ್ಟು ಗಟ್ಟಿ ಇರಬೇಕೆಂದು ಲೆಕ್ಕ ಹಾಕಿ ನಕ್ಷೆ ಮಾಡಿಕೊಡುವುದು ನಮ್ಮ ಕೆಲಸ. ಸರ್ ಅರವತ್ತು ದಾಟಿದವರು. ಕಾಗದದ ಮೇಲೆ ಲೆಕ್ಕ ಹಾಕುವುದೇ ಅವರ ಅಭ್ಯಾಸ. ಸಾಫ್ಟ್‌ವೇರ್ ಕೆಲಸವೆಲ್ಲ ನನ್ನದು. ಎಂ.ಟೆಕ್ ಮುಗಿಸಿ ಸೇರಿದ ಹೊಸತರಲ್ಲಿ ಅವರು ನನ್ನ ಕೈಗೆ ಕೊಟ್ಟ ಮೊದಲ ಸ್ವತಂತ್ರ ಕೆಲಸವೆಂದರೆ ಸಿರುಗುಪ್ಪದ ಒಂದು ಅಕ್ಕಿ ಗಿರಣಿಯ ಆರು ಅಂತಸ್ತಿನ ಕಟ್ಟಡ. ಭತ್ತವನ್ನು ನೆನೆಸಿ, ಹಬೆಯಲ್ಲಿ ಬೇಯಿಸಿ, ಒಣಗಿಸಿ, ಜರಡಿ ಹಿಡಿಯುವ ಯಂತ್ರಗಳೆಲ್ಲ ಅದರೊಳಗೆ ಒಂದರ ಮೇಲೊಂದು ಕೂರಬೇಕಿತ್ತು. ಮೂರು ಸಾಲು, ಸಾಲಿಗೆ ನಾಲ್ಕರಂತೆ ಹನ್ನೆರಡು ಕಂಬ. ಗಿರಣಿಯವರು ಅದನ್ನು ಟವರ್ ಎನ್ನುತ್ತಿದ್ದರು. ನಮ್ಮ ಅವ್ವನಿಗೆ ಬಸ್ಸಿನಿಂದಲೇ ತೋರಿಸಿ, "ಅದು ನಂದು" ಎಂದು ಹೇಳಿಕೊಂಡಿದ್ದೆ.

ಕಟ್ಟಡ ಎದ್ದು ಎರಡು ವರ್ಷ ದಾಟಿತ್ತು. ಯುಗಾದಿ ಕಳೆದು ಬಳ್ಳಾರಿಯ ಬಂಡೆಗಳು ಕಾದು ಊರೆಲ್ಲ ಒಲೆಯಾಗಿದ್ದ ದಿನಗಳಲ್ಲಿ ಗಿರಣಿಯ ಮಾಲೀಕ ನಾಗಿರೆಡ್ಡಿಯವರ ಫೋನು ಬಂತು. ಮೇಲಿನ ಅಂತಸ್ತಿನ ಜರಡಿಯಲ್ಲಿ ಭತ್ತ ಒಂದೇ ಕಡೆಗೆ ಜಾರುತ್ತಿದೆ, ಕೆಳಗಿನಿಂದ ಭತ್ತ ಎತ್ತುವ ಪಟ್ಟಿ ಒಂದು ಬದಿಗೆ ಉಜ್ಜುತ್ತಿದೆ, ಗೋಡೆಯ ಮೂಲೆಗಳಲ್ಲಿ ಓರೆಯಾಗಿ ಬಿರುಕು ಬಿಟ್ಟಿದೆ ಎಂದರು. ಸರ್ ನನ್ನನ್ನು ಕಳಿಸಿದರು.

ಯಂತ್ರಗಳು ಅದುರುವಾಗ ಮಟ್ಟ ನೋಡಲಾಗದು ಎಂದು ಗಿರಣಿ ನಿಂತಿರುವ ಭಾನುವಾರವೇ ಹೋದೆ. ತುದಿಯ ಅಂತಸ್ತಿಗೆ ಹತ್ತಿ ಕಚೇರಿಯ ಲೆವೆಲ್ ಯಂತ್ರ ಇಟ್ಟು ನೋಡಿದರೆ ಪಡುವಣ ಸಾಲು ಮೂಡಣ ಸಾಲಿಗಿಂತ ಹದಿನೇಳು ಮಿಲಿಮೀಟರ್ ಕೆಳಗಿತ್ತು. ಹೆಚ್ಚುಕಡಿಮೆ ಒಂದು ಬೆರಳಿನ ಅಗಲ. ನಾಗಿರೆಡ್ಡಿ ಪಕ್ಕದಲ್ಲೇ ನಿಂತಿದ್ದರು.

"ಬುನಾದಿ ಕೂತೈತಿ, ಅಷ್ಟ ಅಲ್ಲೇನಮ್ಮಾ? ಎರಿ ನೆಲ ಇದು. ಮೇಸ್ತ್ರಿ ಗರಸು ಸಿಗೋತನ ಇಳದಿಲ್ಲ."

ಕಟ್ಟಿದ ಮೇಸ್ತ್ರಿ ಉಬ್ಬಿ ಕುಗ್ಗುವ ಕಪ್ಪು ಮಣ್ಣನ್ನು ದಾಟಿ, ಅದರಡಿಯ ಗಟ್ಟಿ ಗರಸಿನ ಪದರದ ತನಕ ಅಗೆಸಿಲ್ಲ ಎಂಬುದು ಅವರ ದೂರು. ನೆಲ ಅಂತಸ್ತಿನಲ್ಲೂ ಮಟ್ಟ ನೋಡಬೇಕಿತ್ತು. ಅಲ್ಲಿ ಕಂಬಗಳ ಬುಡಕ್ಕೆ ಭತ್ತದ ಚೀಲಗಳನ್ನು ಎದೆಯೆತ್ತರ ಪೇರಿಸಿದ್ದರು. ತೆಗೆಸಿ ಎಂದರೆ ಹಮಾಲರು ಬರುವುದು ಸೋಮವಾರ. ಬಿಸಿಲಿಗೆ ತಲೆ ಸಿಡಿಯುತ್ತಿತ್ತು. ಎರಡು ಗಂಟೆಯ ಬಸ್ಸು ಹಿಡಿದು ಬಂದುಬಿಟ್ಟೆ.

ಮರುದಿನ ಹಳೆಯ ಫೈಲು ತೆರೆದು ಸಾಫ್ಟ್‌ವೇರಿಗೆ ಮತ್ತೆ ಲೆಕ್ಕ ಹಾಕಲು ಹೇಳಿದೆ. ಎಲ್ಲ ಭಾರ ಕೂತ ಮೇಲೂ ಎರಡು ಸಾಲುಗಳ ನಡುವೆ ಬರುವ ವ್ಯತ್ಯಾಸ ಎರಡು ಮಿಲಿಮೀಟರ್ ಎಂದು ಅದು ತೋರಿಸಿತು. ಅಂದಮೇಲೆ ಕಂಬದ ತಪ್ಪಲ್ಲ, ತಳದ ತಪ್ಪು. ಪಶ್ಚಿಮ ಸಾಲಿನ ತಳಪಾಯ ಕುಸಿದಿರುವ ಸಾಧ್ಯತೆ ಇದೆ, ನಿರ್ಮಾಣದ ಲೋಪವನ್ನು ಪರಿಶೀಲಿಸಬೇಕು ಎಂದು ಬರೆದೆ. ಸಹಿ ಮಾಡುವ ಮುಂಚೆ ಸರ್ ಕೇಳಿದರು:

"ತಳದಾಗ ಅಳದಿಯೇನು?"

"ಚೀಲ ಒಟ್ಟಿದ್ರು ಸರ್. ಆದ್ರ ಬ್ಯಾರೆ ಕಾರಣ ಇರಾಕ ಸಾಧ್ಯ ಇಲ್ಲ, ಮಾಡೆಲ್‌ನಾಗ ನೋಡೀನಿ."

ಸರ್ ಒಂದು ಕ್ಷಣ ಪೆನ್ನು ಹಿಡಿದು ಕುಳಿತರು. ಆಮೇಲೆ ನನ್ನನ್ನು ನಂಬಿ ಸಹಿ ಮಾಡಿದರು.

ಆ ಕಟ್ಟಡ ಕಟ್ಟಿದವರು ಕುರುಗೋಡಿನ ಹುಲುಗಪ್ಪ ಮೇಸ್ತ್ರಿ. ಮೇ ತಿಂಗಳ ಒಂದು ಮಧ್ಯಾಹ್ನ ಅವರು ನಮ್ಮ ಕಚೇರಿಗೆ ಬಂದರು. ಐವತ್ತೈದರ ಆಸುಪಾಸು, ಬಿಳಿ ಅಂಗಿ, ಕೈಯಲ್ಲಿ ಸಿಮೆಂಟಿನ ಖಾಲಿ ಚೀಲದಿಂದ ಹೊಲಿಸಿಕೊಂಡ ಕೈಚೀಲ. ಜಗಳಕ್ಕೆ ಬಂದಿರಬೇಕು ಅಂದುಕೊಂಡು ನಾನು ಎದ್ದು ನಿಂತೆ. ಅವರು ಕುರ್ಚಿಯ ತುದಿಯಲ್ಲಿ ಕೂತು, ಕೊಟ್ಟ ನೀರು ಕುಡಿದು, ಲೋಟ ಕೆಳಗಿಟ್ಟು ಮಾತಾಡಿದರು.

"ಮೇಡಂ, ನಿಮ್ಮ ನಕ್ಷಿದಾಗ ಆರ ಅಡಿ ಇತ್ರಿ. ಆರ ಅಡಿಗೆ ಗರಸು ಸಿಗಲಿಲ್ಲ. ಎಂಟು ಅಡಿ ಇಳದೀನಿ. ಗರಸು ಕೈಯಾಗ ಹಿಡದು ನೋಡಿ ಕಾಂಕ್ರೀಟ್ ಹಾಕೀನಿ. ಯಾರೂ ನೋಡಾಕ ಬಂದಿರಲಿಲ್ಲ, ಅದು ಖರೇ."

ನಾನು ಫೈಲಿನಿಂದ ನಕ್ಷೆ ತೆಗೆದು ನೋಡಿದೆ. ಆರು ಅಡಿ ಎಂದೇ ಇತ್ತು.

"ನೀವು ಒಂದು ಸಾಲು ಬರದೀರಿ. ರೆಡ್ಡಿಯವರು ಅದನ್ನ ಹತ್ತು ಮಂದಿಗೆ ಓದಿ ಹೇಳ್ಯಾರ. ಕುರುಗೋಡದಾಗ ಕಲ್ಯಾಣ ಮಂಟಪದ ಕೆಲಸ ನನಗಂತ ಮಾತಾಗಿತ್ತು, ಈಗ ಬ್ಯಾಡ ಅಂದ್ರು. ಸಿರಿಗೇರಿ ಗೋಡೌನೂ ಹೋತು. ಇಪ್ಪತ್ತೆಂಟು ವರ್ಷ ಆತ್ರಿ ನಾ ಕೆಲಸ ಮಾಡಾಕ ಹತ್ತಿ. ಬುನಾದಿ ಕೂತಿತ್ತು ಅಂದ್ರ ನನ್ನ ಗೆರಿ ಹೇಳಬೇಕಲ್ರಿ. ಗೆರಿ ನೋಡೀರೇನು?"

ಗೆರೆ ಎಂದರೆ ಏನೆಂದು ನನಗೆ ತಿಳಿಯಲಿಲ್ಲ. ಕೇಳಲು ನಾಚಿಕೆಯಾಯಿತು. ಒಳಗಿನ ಕೋಣೆಯಿಂದ ಸರ್ ಹೊರಗೆ ಬಂದು ಬಾಗಿಲಲ್ಲಿ ನಿಂತರು. ಅವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ನೀಲಾ, ಈ ಭಾನುವಾರ ಮೇಸ್ತ್ರಿ ಜೊತಿ ಹೋಗು. ಚೀಲ ತೆಗಸಾಕ ನಾ ರೆಡ್ಡಿಗೆ ಹೇಳ್ತೀನಿ," ಎಂದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಆ ಭಾನುವಾರ ಮೇಸ್ತ್ರಿ ತಮ್ಮ ಕೈಚೀಲದಿಂದ ತೆಗೆದದ್ದು ಸುತ್ತಿಟ್ಟ ಒಂದು ಪಾರದರ್ಶಕ ಪೈಪು. ಅದಕ್ಕೆ ನೀರು ತುಂಬಿ, ಗುಳ್ಳೆಗಳೆಲ್ಲ ಹೋಗುವ ತನಕ ಬೆರಳಿಂದ ತಟ್ಟಿದರು. ಪೈಪಿನ ಎರಡು ತುದಿಯಲ್ಲೂ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ದೂರದ ಎರಡು ಕಂಬಗಳ ಮಟ್ಟ ಹೋಲಿಸಲು ಅಷ್ಟು ಸಾಕು. ಅವರು ಹೇಳಿದ ಗೆರೆಯೂ ಆಗ ಕಾಣಿಸಿತು. ಪ್ರತಿ ಅಂತಸ್ತು ಮುಗಿದ ಕೂಡಲೇ ನೆಲದಿಂದ ಒಂದು ಮೀಟರ್ ಎತ್ತರಕ್ಕೆ ಎಲ್ಲ ಕಂಬಗಳ ಮೇಲೂ ನೀಲಿಪುಡಿ ಹಚ್ಚಿದ ದಾರದಿಂದ ಅವರು ಹೊಡೆದಿದ್ದ ಮಟ್ಟದ ಗುರುತು ಅದು. ಗಿರಣಿಯ ಕಂಬಗಳಿಗೆ ಗಿಲಾಯಿಯ ಗಾರೆ ಮೆತ್ತಿರಲಿಲ್ಲ. ಆರು ಅಂತಸ್ತಿನಲ್ಲೂ ಗೆರೆಗಳು ಧೂಳಿನಡಿ ಹಾಗೇ ಇದ್ದವು. ಹೊಡೆದ ದಿನ ಅವೆಲ್ಲ ಒಂದೇ ಮಟ್ಟದಲ್ಲಿದ್ದವು. ಈಗ ಎಲ್ಲಿವೆ ಎಂದು ನೋಡಿದರೆ ಆಯಿತು.

ಕೆಳಗಿನಿಂದ ಶುರು ಮಾಡಿದೆವು. ಮೂಡಣ ಕಂಬದ ಗೆರೆಗೆ ಅವರು ಪೈಪಿನ ಒಂದು ತುದಿ ಹಿಡಿದರು, ಪಡುವಣ ಕಂಬಕ್ಕೆ ನಾನು ಇನ್ನೊಂದು. ನೆಲ ಅಂತಸ್ತಿನಲ್ಲಿ ನೀರು ಗೆರೆಯ ಮೇಲೇ ನಿಂತಿತು. ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಮೇಸ್ತ್ರಿ ಮುಂದಿನ ಕಂಬಕ್ಕೆ ನಡೆದರು. ನಾಲ್ಕೂ ಸರಿಯಿದ್ದವು. ಒಂದನೇ ಅಂತಸ್ತಿನಲ್ಲಿ ಪಡುವಣದ ಗೆರೆ ನಾಲ್ಕು ಮಿಲಿಮೀಟರ್ ಕೆಳಗಿತ್ತು. ಎರಡನೆಯದರಲ್ಲಿ ಎಂಟು. ಮೇಲೆ ಹೋದಂತೆ ಹನ್ನೊಂದು, ಹದಿನಾಲ್ಕು, ತುದಿಯಲ್ಲಿ ಹದಿನೇಳು. ನಮ್ಮ ಲೆವೆಲ್ ಯಂತ್ರವನ್ನೂ ಇಟ್ಟು ನೋಡಿದೆ. ಅದಕ್ಕೂ ಅವರ ಪೈಪಿಗೂ ಒಂದು ಮಿಲಿಮೀಟರಿಗಿಂತ ಹೆಚ್ಚು ಅಂತರ ಎಲ್ಲೂ ಬರಲಿಲ್ಲ.

ತಳಪಾಯ ಕೂತಿದ್ದರೆ ಕೆಳಗಿನಿಂದಲೇ ಹದಿನೇಳು ಇರಬೇಕಿತ್ತು. ಇಲ್ಲಿ ತಳ ಅಲ್ಲಾಡಿಲ್ಲ, ಕಂಬಗಳೇ ಗಿಡ್ಡವಾಗಿವೆ. ಹತ್ತು ನಿಮಿಷದ ಕೆಲಸ. ಚೀಲ ತೆಗೆಸಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ತುದಿಯ ಅಂತಸ್ತಿನ ಕಿಟಕಿಯ ಬಳಿ ನಿಂತು ದೂರದ ಕಾಲುವೆಯನ್ನೂ ಕೊಯ್ಲಾದ ಗದ್ದೆಗಳನ್ನೂ ನೋಡುತ್ತ ನನಗೆ ಅಳು ಬಂತು. ಮೇಸ್ತ್ರಿ ಅತ್ತ ತಿರುಗಿ ಪೈಪು ಸುತ್ತುತ್ತಿದ್ದರು. ನೋಡಿಯೂ ನೋಡದ ಹಾಗೆ ಇದ್ದರೋ ಏನೋ.

ಮೊದಲ ವರದಿ ತಪ್ಪು ಎಂದು ಅಂದೇ ನಾಗಿರೆಡ್ಡಿಯವರಿಗೆ ಹೇಳಿದೆ. ಅವರು ಮೀಸೆ ತಿರುವಿಕೊಳ್ಳುತ್ತ ಯೋಚಿಸಿದರು.

"ಮತ್ತ ಕಂಬ ಯಾಕ ಗಿಡ್ಡ ಆತಮ್ಮಾ? ಸಿಮೆಂಟ್ ಕಡಿಮಿ ಹಾಕಿರಬೇಕು. ಒಳಗ ನಲವತ್ತು ಮಂದಿ ಕೆಲಸ ಮಾಡ್ತಾರ. ನಾಳೆ ಬಿದ್ರ ಯಾರ ಹೊಣಿ?"

ತಪ್ಪು ಬುನಾದಿಯಿಂದ ಎದ್ದು ಕಾಂಕ್ರೀಟಿಗೆ ಹತ್ತಿಕೊಂಡಿತ್ತು, ಮೇಸ್ತ್ರಿಯ ಹೆಗಲಿಂದ ಇಳಿದಿರಲಿಲ್ಲ. ಕಂಬಗಳಿಂದ ಮುಷ್ಟಿ ದಪ್ಪದ ತುಂಡು ಕೊರೆದು ತೆಗೆದು ಬಳ್ಳಾರಿಯಲ್ಲಿ ಪರೀಕ್ಷೆ ಮಾಡಿಸಿದೆವು. ಕಾಂಕ್ರೀಟು ನಾವು ಕೇಳಿದ್ದಕ್ಕಿಂತ ಗಟ್ಟಿಯಾಗೇ ಇತ್ತು. ಆದರೂ ಯಾಕೆ ಕುಗ್ಗಿತು ಎಂದು ಹೇಳದ ಹೊರತು ಯಾರೂ ಪೂರ್ತಿ ನಂಬುವುದಿಲ್ಲ, ಕಟ್ಟಡ ಮುಂದೆ ಏನಾಗುತ್ತದೆಂದೂ ತಿಳಿಯುವುದಿಲ್ಲ. ಅಲ್ಲಿಯವರೆಗೆ ಮೇಲಿನ ಭತ್ತದ ತೊಟ್ಟಿಗಳನ್ನು ಅರ್ಧ ಮಾತ್ರ ತುಂಬಬೇಕು ಎಂದು ಸರ್ ಕಟ್ಟಪ್ಪಣೆ ಮಾಡಿದರು. ಕಾರ್ತೀಕದಲ್ಲಿ ಹೊಸ ಭತ್ತ ಬರುತ್ತದೆ. ಉತ್ತರ ಅಷ್ಟರೊಳಗೆ ಸಿಗಬೇಕು.

ಕಾಂಕ್ರೀಟು ಕಲ್ಲಿನ ಹಾಗೆ ಕಂಡರೂ ಎರಡು ರೀತಿಯಲ್ಲಿ ನಿಧಾನಕ್ಕೆ ಕುಗ್ಗುತ್ತದೆ. ಒಳಗಿನ ತೇವ ಆರಿದಂತೆ ಒಣಗಿ ಕುಗ್ಗುವುದು ಒಂದು. ತಲೆಯ ಮೇಲಿನ ಭಾರಕ್ಕೆ ವರ್ಷಗಟ್ಟಲೆ ಇಷ್ಟಿಷ್ಟೇ ಮಣಿಯುತ್ತ ಹೋಗುವುದು ಇನ್ನೊಂದು. ಇದಕ್ಕೆ ನಾವು ಕ್ರೀಪ್ ಎನ್ನುತ್ತೇವೆ. ಭಾರ ಹೊರಿಸಿದ ದಿನ ಆಗುವ ಕುಗ್ಗುವಿಕೆಗಿಂತ ಮುಂದಿನ ವರ್ಷಗಳಲ್ಲಿ ಆಗುವುದೇ ಎರಡು ಮೂರು ಪಟ್ಟು ಹೆಚ್ಚಿರಬಹುದು. ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಆರು ಅಂತಸ್ತಿನ ಕಟ್ಟಡಕ್ಕೆ ಇದೆಲ್ಲ ಯಾಕೆ ಎಂದು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಮಳೆಗಾಲವೆಲ್ಲ ನನಗೆ ಅದೇ ಕೆಲಸವಾಯಿತು. ಮೊದಲಿನ ಮಾಡೆಲ್‌ನಲ್ಲಿ ಕಟ್ಟಡ ಒಂದೇ ದಿನದಲ್ಲಿ ಎದ್ದು ನಿಂತ ಹಾಗಿತ್ತು. ಹೊಸದರಲ್ಲಿ ಒಂದೊಂದೇ ಅಂತಸ್ತನ್ನು ಅದು ಕಟ್ಟಿದ ಕ್ರಮದಲ್ಲೇ ಏರಿಸಿದೆ. ಯಾವ ಕಂಬಕ್ಕೆ ಯಾವ ದಿನ ಕಾಂಕ್ರೀಟು ಹಾಕಿದ್ದು, ಎಷ್ಟು ದಿನದ ಮೇಲೆ ಅದರ ತಲೆಗೆ ಚಪ್ಪಡಿ ಬಂದದ್ದು, ತೊಟ್ಟಿಗಳಿಗೆ ಭತ್ತ ತುಂಬಿದ್ದು ಯಾವಾಗ ಎಂದು ಸಾಫ್ಟ್‌ವೇರು ಒಂದೊಂದನ್ನೂ ಕೇಳುತ್ತಿತ್ತು. ನಾನು ಮೇಸ್ತ್ರಿಗೆ ಫೋನು ಮಾಡುತ್ತಿದ್ದೆ. ಅವರ ಬಳಿ ಬರೆದಿಟ್ಟದ್ದು ಸ್ವಲ್ಪ, ನೆನಪಿದ್ದದ್ದು ಬಹಳ.

"ಮೂರನೇ ಮಾಳಿಗಿ ಕಂಬ? ಪಂಚಮಿ ಹಿಂದಿನ ದಿನ ಹಾಕಿದ್ವಿ. ಹಬ್ಬಕ್ಕ ಆಳು ಸಿಗೂದಿಲ್ಲ ಅಂತ ಗಡಿಬಿಡಿ ಮಾಡೀವಿ. ಬರಕೊಳ್ರಿ," ಎನ್ನುತ್ತಿದ್ದರು. ನನ್ನಿಂದ ಕೆಲಸ ಕಳೆದುಕೊಂಡ ಮನುಷ್ಯ ನಾನು ಕೇಳಿದಾಗಲೆಲ್ಲ ಫೋನು ಎತ್ತಿದರು. ಅದನ್ನು ನಾನು ಮರೆಯಲಾರೆ.

ಇಷ್ಟೆಲ್ಲ ಕೊಟ್ಟ ಮೇಲೆ ಸಾಫ್ಟ್‌ವೇರು ಹೇಳಿದ ವ್ಯತ್ಯಾಸ ಐದು ಮಿಲಿಮೀಟರ್. ಕಂಬಗಳು ಕುಗ್ಗುತ್ತಿದ್ದವು ನಿಜ, ಎಲ್ಲವೂ ಹೆಚ್ಚುಕಡಿಮೆ ಒಂದೇ ಸಮ ಕುಗ್ಗುತ್ತಿದ್ದವು. ಉಳಿದ ಹನ್ನೆರಡು ಮಿಲಿಮೀಟರ್ ಎಲ್ಲಿಂದ ಬಂತು ಎಂದು ತಿಳಿಯದೆ ವಾರಗಟ್ಟಲೆ ಅದೇ ಅಂಕಿಗಳನ್ನು ತಿರುವಿಹಾಕಿದೆ. ಶ್ರಾವಣ ಕಳೆಯಿತು. ಒಂದು ಬೆಳಿಗ್ಗೆ ಸರ್ ನನ್ನ ಮೇಜಿನ ಬಳಿ ಕುರ್ಚಿ ಎಳೆದುಕೊಂಡರು.

"ಅದು ಏನೇನ್ ಕೇಳತೈತಿ ನಿನಗ?"

ಒಂದೊಂದಾಗಿ ಓದಿ ಹೇಳಿದೆ. ಕಾಂಕ್ರೀಟಿನ ಬಲ, ಕಂಬದ ಗಾತ್ರ, ವಯಸ್ಸು, ಗಾಳಿಯಲ್ಲಿನ ತೇವ.

"ತೇವ ಎಷ್ಟ್ ಕೊಟ್ಟಿ?"

"ಬಳ್ಳಾರಿ ಹವಾಮಾನದ ಸರಾಸರಿ ಸರ್. ಇಡೀ ಕಟ್ಟಡಕ್ಕ ಒಂದ."

"ಅಲ್ಲಿ ಹೋಗಿ ನೋಡಿ ಕೊಟ್ಟಿಯೇನು?"

ನಾನು ಇಲ್ಲವೆಂದು ತಲೆಯಾಡಿಸಿದೆ. "ಗಿರಣಿ ನಡಿಯೂ ದಿನ ಹೋಗಿ ಬಾ," ಎಂದು ಅವರು ಎದ್ದರು. ಆಗ ಹೊಳೆಯಿತು. ಹೋದಾಗಲೆಲ್ಲ ನಾನು ಹೋಗಿದ್ದು ಭಾನುವಾರ. ಆ ಕಟ್ಟಡ ಕೆಲಸ ಮಾಡುವುದನ್ನು ನಾನು ಒಮ್ಮೆಯೂ ನೋಡಿರಲಿಲ್ಲ.

ಬುಧವಾರ ಹೋದೆ. ಒಳಗೆ ಕಾಲಿಡುತ್ತಲೇ ಆ ವಾಸನೆ, ಹಬೆ, ಕಿವಿಗಡಚಿಕ್ಕುವ ಸದ್ದು. ಅಂತಸ್ತು ಅಂತಸ್ತು ಸುತ್ತಿ ಗೋಡೆಗಳ ಬಿರುಕು ಬರೆದುಕೊಳ್ಳುವಷ್ಟರಲ್ಲಿ ಊಟದ ಹೊತ್ತಾಗಿ ಯಂತ್ರಗಳು ನಿಂತವು. ಮೂರನೇ ಅಂತಸ್ತಿನಲ್ಲಿ ಹೆಂಗಸರು ಬುತ್ತಿ ಬಿಚ್ಚುತ್ತಿದ್ದರು. ನಾನೂ ರೊಟ್ಟಿಯ ಡಬ್ಬಿ ಹಿಡಿದು ಪಡುವಣ ಕಡೆಯ ಒಂದು ಕಂಬದ ಬುಡಕ್ಕೆ ಕೂರಲು ಹೋದೆ.

"ಆ ಕಂಬಕ್ಕ ಬೆನ್ನು ಹಚ್ಚಬ್ಯಾಡ್ರೀಯವ್ವ, ಸುಡತೈತಿ. ಈ ಕಡೆ ಬರ್ರಿ."

ಕರೆದವರು ಹನುಮಕ್ಕ. ಸಿರಿಗೇರಿಯಿಂದ ದಿನಾ ಬಸ್ಸಿಗೆ ಬಂದು ಹಬೆಯ ತೊಟ್ಟಿಯ ಬಳಿ ಬೆಂದ ಭತ್ತ ಎಳೆಯುವ ಕೆಲಸದವರು. ನಾನು ಕಂಬಕ್ಕೆ ಅಂಗೈ ಇಟ್ಟೆ, ಥಟ್ಟನೆ ತೆಗೆದೆ. ಮೂಡಣ ಸಾಲಿಗೆ ಹೋಗಿ ಅಲ್ಲಿನ ಕಂಬ ಮುಟ್ಟಿದೆ. ಅಂಗೈ ಒದ್ದೆಯಾಯಿತು.

"ಯಾವಾಗ್ಲೂ ಹಿಂಗ ಇರತೈತೇನಕ್ಕಾ?"

"ಗಿರಣಿ ನಡಿಯೂತನ ಹಿಂಗ. ಈ ಸಾಲು ಮಳಿಗಾಲ, ಆ ಸಾಲು ಬ್ಯಾಸಗಿ ನೋಡ್ರಿ. ಚಳಿಗಾಲದಾಗ ನಾವು ಒದ್ದಿ ಅರಬಿ ಅಲ್ಲೇ ಒಣಗಸ್ತೀವಿ. ಅರ್ಧ ತಾಸಿನಾಗ ಒಣಗತಾವ."

ಮೂಡಣದಲ್ಲಿ ನೆನೆಸುವ, ಬೇಯಿಸುವ ತೊಟ್ಟಿಗಳಿದ್ದವು. ಹಬೆ ಆ ಕಂಬಗಳನ್ನು ಎಂದೂ ಒಣಗಲು ಬಿಟ್ಟಿರಲಿಲ್ಲ. ಪಡುವಣದಲ್ಲಿ ಭತ್ತ ಒಣಗಿಸುವ ಡ್ರೈಯರ್. ಹೊಟ್ಟು ಉರಿಸುವ ಒಲೆಯಿಂದ ಬಿಸಿಗಾಳಿ ತರುವ ದೊಡ್ಡ ತಗಡಿನ ಕೊಳವೆ ನಾಲ್ಕೂ ಕಂಬಗಳಿಗೆ ಅಂಟಿಕೊಂಡೇ ಮೇಲೆ ಹೋಗಿತ್ತು. ಬಿಸಿಯಾದ ಕಾಂಕ್ರೀಟು ಬೇಗ ಒಣಗುತ್ತದೆ, ಭಾರಕ್ಕೆ ಎರಡು ಪಟ್ಟು ಮಣಿಯುತ್ತದೆ. ನಮ್ಮ ನಕ್ಷೆಯಲ್ಲಿ ಡ್ರೈಯರ್ ಕಟ್ಟಡದಾಚೆ, ಬೇರೆಯಾಗಿ ನಿಂತಿತ್ತು.

"ಡ್ರೈಯರ್ ಇಲ್ಲಿಗೆ ಯಾವಾಗ ಬಂತು?" ಎಂದು ಕೇಳಿದೆ.

ಹನುಮಕ್ಕ ಬೆರಳು ಮಡಚಿ ಲೆಕ್ಕ ಹಾಕಿದರು. "ನಮ್ಮ ಮೊಮ್ಮಗಳು ಹುಟ್ಟಿದ ತಿಂಗಳ ತಂದು ಕುಂದರ್ಸಿದ್ರು. ಆಕಿಗೆ ಈಗ ಎರಡು ತುಂಬ್ತು."

ಊಟ ಮುಗಿಸಿ ಅವರು ನನ್ನನ್ನು ಎಲ್ಲ ಅಂತಸ್ತಿಗೂ ಕರೆದೊಯ್ದರು. ಯಾವ ಕಂಬ ಎಷ್ಟು ಸುಡುತ್ತದೆ, ಯಾವುದು ಸದಾ ಬೆವರುತ್ತದೆ, ಯಾವುದು ಮಧ್ಯಾಹ್ನ ಮಾತ್ರ ಬೆಚ್ಚಗಿರುತ್ತದೆ ಎಂದು ಮುಟ್ಟಿ ಮುಟ್ಟಿ ಹೇಳಿದರು. ಕೆಳಗಿನ ಅಂತಸ್ತುಗಳಲ್ಲಿ ಹೆಚ್ಚು ಬಿಸಿ, ಮೇಲೆ ಹೋದಂತೆ ಕಡಿಮೆ. ಮರುವಾರ ಥರ್ಮಾಮೀಟರು, ತೇವ ಅಳೆಯುವ ಯಂತ್ರ ತೆಗೆದುಕೊಂಡು ಹೋಗಿ ಮೂರು ದಿನ ಅಳೆದೆ. ಹನುಮಕ್ಕ ಹೇಳಿದ ಕ್ರಮದಲ್ಲಿ ಒಂದೂ ತಪ್ಪಿರಲಿಲ್ಲ.

ಹನ್ನೆರಡು ಕಂಬ, ಆರು ಅಂತಸ್ತು, ಒಟ್ಟು ಎಪ್ಪತ್ತೆರಡು ತುಂಡು. ಪ್ರತಿ ತುಂಡಿಗೂ ಅದರದೇ ತೇವ ಕೊಟ್ಟೆ. ಬಿಸಿಗೆ ಆ ಸಾಫ್ಟ್‌ವೇರಿನಲ್ಲಿ ಬೇರೆ ಜಾಗವಿರಲಿಲ್ಲ. ಪ್ರತಿ ತುಂಡು ಭಾರಕ್ಕೆ ಎಷ್ಟು ಮಣಿಯಬೇಕೆಂದು ಸರ್ ಜೊತೆ ಕೂತು ಕಾಗದದ ಮೇಲೆ ಲೆಕ್ಕ ಹಾಕಿ ಕೈಯಾರೆ ತುಂಬಿದೆ. ನಾಲ್ಕು ದಿನ ಹಿಡಿಯಿತು. ಲೆಕ್ಕ ಓಡಿಸಿದಾಗ ಪರದೆಯ ಮೇಲೆ ಪಡುವಣ ಸಾಲು ತುದಿಯಲ್ಲಿ ಹದಿನಾರು ಮಿಲಿಮೀಟರ್ ಇಳಿದಿತ್ತು. ಒಂದನೇ ಅಂತಸ್ತಿನಲ್ಲಿ ನಾಲ್ಕು, ಎರಡರಲ್ಲಿ ಏಳೂವರೆ. ಮೇಸ್ತ್ರಿಯ ಪೈಪು ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ಸರ್ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

ಸಂತೋಷ ಪಡುವ ಮುಂಚೆ ಇನ್ನೊಂದು ಉಳಿದಿತ್ತು. ಮೊದಲ ನಕ್ಷೆಯಲ್ಲಿ ಪಡುವಣದ ಕಂಬಗಳು ಇನ್ನೂ ದಪ್ಪವಿದ್ದವು. ಯಂತ್ರಗಳಿಗೆ ಜಾಗ ಸಾಲದು ಎಂದಾಗ ನಿಯಮ ಅನುಮತಿಸುವಷ್ಟು ತೆಳ್ಳಗೆ ಮಾಡಿದವಳು ನಾನೇ. ಆಗ ಅದು ನನಗೆ ಜಾಣತನವಾಗಿ ಕಂಡಿತ್ತು. ತೆಳ್ಳಗಿನ ಕಂಬಕ್ಕೆ ಒತ್ತಡ ಹೆಚ್ಚು, ಹೆಚ್ಚಿದಷ್ಟೂ ಮಣಿಯುತ್ತದೆ. ದಪ್ಪ ಕಂಬ ಹಾಕಿ ಲೆಕ್ಕ ಓಡಿಸಿ ನೋಡಿದೆ. ವ್ಯತ್ಯಾಸ ಹನ್ನೊಂದಕ್ಕೆ ಇಳಿಯಿತು. ಅಂದರೆ ಐದು ಮಿಲಿಮೀಟರ್ ನನ್ನದು. ಯಾರೂ ಕೇಳಿರಲಿಲ್ಲ, ಹೇಳದಿದ್ದರೆ ಯಾರಿಗೂ ತಿಳಿಯುತ್ತಲೂ ಇರಲಿಲ್ಲ. ಸರ್ ಮುಂದೆ ಇಟ್ಟೆ.

"ಇದನ್ನೂ ವರದಿಯಾಗ ಬರೀ," ಎಂದರು. "ತಳ ಅಳೀಲಾರದ ನೀ ಬರದಿ, ಕೇಳಿಯೂ ನಾ ಸಹಿ ಮಾಡೀನಿ. ಅದನ್ನೂ ಸೇರಿಸು. ಇಬ್ರೂ ಸಹಿ ಮಾಡೂಣು."

ವರದಿ ಗಿರಣಿಗೆ ಹೋಗುವ ಹಿಂದಿನ ದಿನ ನಾನು ಕುರುಗೋಡಿಗೆ ಹೋದೆ. ಮೇಸ್ತ್ರಿಯ ಮನೆ ಬಂಡೆಗಲ್ಲಿನ ಗುಡ್ಡದ ಕೆಳಗೆ. ಅವರೇ ಕಟ್ಟಿಕೊಂಡದ್ದು, ಎರಡು ಕೋಣೆ, ಮುಂದೆ ಕಲ್ಲಿನ ಕಟ್ಟೆ. ಅವರ ಹೆಂಡತಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಂದಿಟ್ಟರು. ನಾನು ವರದಿಯನ್ನು ಮೊದಲಿಂದ ಕೊನೆಯವರೆಗೆ ಓದಿ ಹೇಳಿದೆ. ಎಂಟು ಅಡಿ ಇಳಿದು ಹಾಕಿದ ತಳಪಾಯದಲ್ಲಿ ದೋಷವಿಲ್ಲ, ಕಾಂಕ್ರೀಟಿನಲ್ಲಿ ದೋಷವಿಲ್ಲ, ಮೇಸ್ತ್ರಿ ಗುರುತು ಹಾಕಿಟ್ಟ ಗೆರೆಗಳಿಂದಲೇ ಕಾರಣ ಪತ್ತೆಯಾಯಿತು ಎಂಬ ಸಾಲುಗಳನ್ನು ಎರಡನೇ ಸಲ ಓದಲು ಹೇಳಿದರು. ಓದಿದೆ. ಆಮೇಲೆ, ತಪ್ಪಾಯಿತು, ಕ್ಷಮಿಸಿ ಎಂದೆ.

ಅವರು ವರದಿಯ ಹಾಳೆಗಳನ್ನು ನನ್ನ ಕೈಯಿಂದ ತೆಗೆದುಕೊಂಡು ತಟ್ಟೆಯ ಪಕ್ಕ ಇಟ್ಟರು.

"ಸಿಟ್ಟು ಬಂದಿತ್ರಿ ಮೇಡಂ. ಸುಳ್ಳ್ಯಾಕ ಹೇಳ್ಲಿ. ಬಸ್ ಸ್ಟ್ಯಾಂಡಿನಾಗ ನಿಂತು ನಾಕ ಮಂದಿ ಮುಂದ ನಿಮ್ಮನ್ನ ಬೈದೀನಿ."

"ಬೈಯೂ ಹಂಗ ಮಾಡಿದ್ನಿ ಮೇಸ್ತ್ರಿ."

"ಈಗ ಅದೇ ಮಂದಿಗೆ ಏನ್ ಹೇಳ್ಲಿ?"

"ಇದ್ದದ್ದು ಇದ್ದಂಗ ಹೇಳ್ರಿ."

ಅವರು ಮೊದಲ ಸಲ ನಕ್ಕರು. ಮಿರ್ಚಿಯ ತಟ್ಟೆಯನ್ನು ನನ್ನ ಕಡೆಗೆ ಸರಿಸಿ ಕೇಳಿದರು: "ಅದಿರ್ಲಿ, ಇನ್ನ ಎಷ್ಟು ಇಳಿತೈತ್ರಿ ಅದು?"

ಮೊದಲೆರಡು ವರ್ಷಗಳಲ್ಲೇ ಬಹುಪಾಲು ಕುಗ್ಗಿ ಆಗಿರುತ್ತದೆ, ಬಿಸಿ ತಪ್ಪಿಸಿದರೆ ಮುಂದಿನ ಒಂದು ವರ್ಷದಲ್ಲಿ ಮೂರು ಮಿಲಿಮೀಟರ್ ದಾಟುವುದಿಲ್ಲ ಎಂದೆ. "ನೋಡೂಣು," ಎಂದರು. ನನ್ನ ಮೇಲಿನ ನಂಬಿಕೆಯೂ ಅಲ್ಲ, ಅಪನಂಬಿಕೆಯೂ ಅಲ್ಲ. ಅಳೆದು ನೋಡೋಣ ಎಂದಷ್ಟೇ.

ಮರುದಿನ ಗಿರಣಿಯ ಆಫೀಸಿನಲ್ಲಿ ಸರ್, ನಾನು, ಮೇಸ್ತ್ರಿ, ನಾಗಿರೆಡ್ಡಿ ಕೂತೆವು. ಹನುಮಕ್ಕನನ್ನೂ ಕರೆಸಿ ಎಂದು ಸರ್ ಹೇಳಿದ್ದರಿಂದ ಅವರು ಬಂದು ಬಾಗಿಲ ಬಳಿ ನಿಂತಿದ್ದರು. ಲ್ಯಾಪ್‌ಟಾಪಿನಲ್ಲಿ ಕಟ್ಟಡದ ಮಾಡೆಲ್ ತೋರಿಸಿದೆ. ಒಣ ಕಂಬಗಳಿಗೆ ಕೆಂಪು, ಒದ್ದೆ ಕಂಬಗಳಿಗೆ ನೀಲಿ ಬಣ್ಣ ಕೊಟ್ಟಿದ್ದೆ. ಹನುಮಕ್ಕ ಹತ್ತಿರ ಬಂದು ಬಗ್ಗಿ ನೋಡಿ, "ಹ್ಞೂಂ, ಬರೋಬರಿ ಐತಿ," ಎಂದರು. ನಾಗಿರೆಡ್ಡಿ ಬಹಳ ಹೊತ್ತು ಕೆಂಪು ಸಾಲನ್ನೇ ನೋಡುತ್ತಿದ್ದರು.

"ಹೌದಮ್ಮಾ, ಡ್ರೈಯರ್ ಸರಿಸಿದ್ದು ನಾನ," ಎಂದರು ಕೊನೆಗೆ. "ಸರಿಸಬಾರದು ಅಂತ ಯಾರೂ ಹೇಳ್ಲಿಲ್ಲ."

"ನೀವು ಕೇಳಲಿಲ್ಲ, ನಾವು ಬಂದು ನೋಡಲಿಲ್ಲ," ಎಂದರು ಸರ್. "ಮೇಸ್ತ್ರಿ ಒಬ್ಬ ತನ್ನ ಕೆಲಸ ಪೂರಾ ಮಾಡಿದ್ದು."

ನಾಗಿರೆಡ್ಡಿ ಒರಟು ಮನುಷ್ಯ, ಆದರೆ ಸಣ್ಣ ಮನುಷ್ಯನಲ್ಲ. ಅಲ್ಲೇ ಎದ್ದು ಕಾರಿನ ಬೀಗದ ಕೈ ತೆಗೆದುಕೊಂಡರು. ಮೇಸ್ತ್ರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಿರಿಗೇರಿಗೂ ಕುರುಗೋಡಿಗೂ ಹೋಗಿ, ತಾವು ಹಿಂದೆ ಹೇಳಿದ್ದು ತಪ್ಪು ಎಂದು ಕೆಲಸ ಬೇಡವೆಂದವರ ಎದುರಿಗೇ ಹೇಳಿ ಬಂದರು. ಗೋಡೌನು ಅಷ್ಟರಲ್ಲಿ ಬೇರೆಯವರ ಪಾಲಾಗಿತ್ತು. ಕಲ್ಯಾಣ ಮಂಟಪ ಮೇಸ್ತ್ರಿಗೇ ಬಂತು.

ಮೊದಲು ಗಿರಣಿಯ ಕೆಲಸ ಮುಗಿಯಬೇಕಿತ್ತು. ಡ್ರೈಯರಿನ ಕೊಳವೆಯನ್ನು ಕಂಬಗಳಿಂದ ದೂರ ಸರಿಸಿ, ಬಿಸಿ ತಡೆಯುವ ಹೊದಿಕೆ ಸುತ್ತಿ, ನಡುವೆ ಒಂದು ಇಟ್ಟಿಗೆ ಗೋಡೆ ಎಬ್ಬಿಸಿದರು. ಕೆಳಗಿನ ಮೂರು ಅಂತಸ್ತಿನಲ್ಲಿ ಪಡುವಣದ ನಾಲ್ಕೂ ಕಂಬಗಳ ಸುತ್ತ ಹೊಸ ಕಬ್ಬಿಣ ಕಟ್ಟಿ ಕಾಂಕ್ರೀಟು ಹಾಕಿ ದಪ್ಪ ಮಾಡಿದರು. ನಾನು ತೆಳ್ಳಗೆ ಮಾಡಿದ್ದನ್ನು ಮೇಸ್ತ್ರಿ ದಪ್ಪ ಮಾಡುವುದನ್ನು ಪ್ರತಿದಿನ ಹೋಗಿ ನಿಂತು ನೋಡಿದೆ. ಮೇಲಿನ ಜರಡಿಯ ಪಡುವಣ ಕಾಲುಗಳಡಿಗೆ ಉಕ್ಕಿನ ತಗಡು ಕೊಟ್ಟು ಮಟ್ಟ ಮಾಡಿದೆವು. ಕಾರ್ತೀಕದ ಹೊಸ ಭತ್ತ ಟ್ರ್ಯಾಕ್ಟರುಗಳಲ್ಲಿ ಬಂದು ಗೇಟಿನ ಹೊರಗೆ ಸಾಲುಗಟ್ಟಿದ ದಿನ ಗುಂಡಿ ಒತ್ತಿದರು. ಜರಡಿಯ ತುಂಬ ಭತ್ತ ಸಮನಾಗಿ ಹರಡಿಕೊಂಡು ಇಳಿಯಿತು. ಅಂದು ತೊಟ್ಟಿಗಳು ಪೂರ್ತಿ ತುಂಬಿದವು.

ಮುಂದಿನ ಒಂದು ವರ್ಷ ಮೇಸ್ತ್ರಿ ಯಾರೂ ಹೇಳದೆಯೇ ಪ್ರತಿ ತಿಂಗಳು ಪೈಪು ಹಿಡಿದು ಹೋಗಿ ಗೆರೆ ನೋಡಿ ನನಗೆ ಫೋನು ಮಾಡುತ್ತಿದ್ದರು. ಒಟ್ಟು ಇಳಿದದ್ದು ಎರಡೂವರೆ ಮಿಲಿಮೀಟರ್. ಅದಾದ ಮೇಲೆ ನಿಂತೇ ಹೋಯಿತು. ಚೆನ್ನವೀರಯ್ಯ ಸರ್ ಈಗ ಕಚೇರಿಗೆ ಬರುವುದಿಲ್ಲ. ಕಚೇರಿ ನನಗೆ ಬಿಟ್ಟುಕೊಟ್ಟಿದ್ದಾರೆ. ಹೊಸದಾಗಿ ಸೇರಿದ ಹುಡುಗಿಯರಿಗೆ, ನಕ್ಷೆ ಮಾಡುವ ಮುಂಚೆ ಆ ಕಟ್ಟಡದೊಳಗೆ ಕೆಲಸ ಮಾಡುವವರನ್ನು ಹುಡುಕಿ ಮಾತಾಡಿಸಿ ಎಂದು ಹೇಳುತ್ತೇನೆ. ಇದು ಯಾವ ಪುಸ್ತಕದ್ದೂ ಅಲ್ಲ, ಸಿರಿಗೇರಿಯ ಒಬ್ಬ ಹೆಂಗಸಿನಿಂದ ನನಗೆ ಬಂದದ್ದು ಎಂದು ಹೇಳಿದರೆ ಅವರು ನಗುತ್ತಾರೆ.

ಗಿರಣಿಗೆ ಹೊಸ ಭತ್ತ ಬಂದ ಎರಡು ತಿಂಗಳಿಗೆ, ಸಂಕ್ರಾಂತಿಯ ಹಿಂದಿನ ದಿನ, ಮೇಸ್ತ್ರಿಯ ಫೋನು ಬಂದಿತ್ತು. ಗಿರಣಿಯ ಗೆರೆಯ ವಿಷಯವಿರಬೇಕೆಂದು ಪೆನ್ನು ತೆಗೆದುಕೊಂಡೆ.

"ಅದಲ್ರಿ ಮೇಡಂ. ಹಚ್ಚೊಳ್ಳಿ ಊರಾಗ ಭತ್ತದ ಗೋಡೌನು ಕಟ್ಟಸ್ತಾರಂತ, ದೊಡ್ಡದು. ನನ್ನ ಕರದಿದ್ರು. ಲೆಕ್ಕ ಹಾಕಾಕ, ನಕ್ಷಿ ಮಾಡಾಕ ಯಾರದಾರ ಅಂತ ಕೇಳಿದ್ರು."

"ಹ್ಞೂಂ."

"ನಿಮ್ಮ ಹೆಸರು ಹೇಳೀನ್ರಿ."

ನಾನು ಪೆನ್ನು ಕೆಳಗಿಟ್ಟೆ. ಫೋನು ಕಟ್ಟಾಯಿತೆಂದುಕೊಂಡು ಅವರು "ಹಲೋ, ಹಲೋ" ಎಂದರು. ಇದ್ದೇನೆ ಎಂದೆ.

"ಹಬ್ಬ ಮುಗಿಸಿಕೊಂಡು ಬರ್ರಿ. ಮೊದ್ಲು ಜಾಗ ನೋಡೂಣು. ನಾ ಬಸ್ ಸ್ಟ್ಯಾಂಡಿನಾಗ ನಿಂತಿರ್ತೀನಿ."

ಹಬ್ಬದ ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಟೆ.